ಚೊಣಕದ ಜತೆಗೆ ಯಾವ ಮೀನು?



ಈ ಹೊತ್ತು ನಾನು ಹೇಳಬೇಕೆಂದಿರುವುದು ಚೊಣಕ ಮೀನಿನ ವಿಚಾರ. ಕಾಗದಪತ್ರಗಳಲ್ಲಿ ಇದನ್ನು ಸೀಬಾಸ್ ಎಂದು ಬರೆಯುತ್ತಾರೆ. ದಕ್ಷಿಣದ ಕಡೆಯವರು ಕುರುಡೆ ಎನ್ನುತ್ತಾರೆ. ಕಾರವಾರದ ಪೇಟೆಯಲ್ಲಿ ಇದಕ್ಕಿರುವ ಬೆಲೆ ನಿಮಗೆ ಗೊತ್ತೇ ಇದೆ. ಕಾಳಿ ನದಿಯ ಅಳಿವೆಯಲ್ಲಿ ಪಂಜರ ಕಟ್ಟುವವರಿಗೂ, ಅಂಕೋಲೆಯ ಕಡೆ ಗಜನಿಯಲ್ಲಿ ಕೊಳ ಮಾಡುವವರಿಗೂ ಈ ಮೀನಿನ ಮೇಲೆ ಆಸೆ ಹುಟ್ಟುವುದು ಸಹಜ. ಹಿಂದೆ ಇದರ ಮರಿ ಬೇಕಾದರೆ ಅಳಿವೆಯಲ್ಲಿ ಬಲೆ ಹಾಕಿ ಹುಡುಕಬೇಕಿತ್ತು. 1997ರಲ್ಲಿ ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ, ಕೇಂದ್ರ ಉಪ್ಪುನೀರು ಜಲಕೃಷಿ ಸಂಸ್ಥೆಯವರು ಈ ಮೀನನ್ನು ಸಾಕಿದ ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಮಾಡಿದರು. ಅಲ್ಲಿಂದ ಮುಂದೆ ಮರಿ ಕೊಂಡು ತರುವುದು ಸಾಧ್ಯವಾಯಿತು.

ಮರಿ ಸಿಕ್ಕಿತು, ನೀರೂ ಇದೆ. ಆಗ ರೈತನಿಗೆ ಮೊದಲು ಬರುವ ಯೋಚನೆ ಏನೆಂದರೆ, ಇಷ್ಟು ದೊಡ್ಡ ಕೊಳದಲ್ಲಿ ಬರೀ ಚೊಣಕವನ್ನೇ ಏಕೆ ಬಿಡಬೇಕು, ಜತೆಗೆ ಇನ್ನೊಂದು ಜಾತಿ ಬಿಟ್ಟರೆ ಅದೂ ಒಂದಿಷ್ಟು ದುಡ್ಡು ತರುವುದಿಲ್ಲವೇ ಎಂದು. ಯೋಚನೆ ತಪ್ಪಲ್ಲ. ಆದರೆ ಚೊಣಕ ಬೇಟೆಯ ಮೀನು. ಹುಲಿಯ ದೊಡ್ಡಿಗೆ ಆಡು ಬಿಡುವವನು ಅದನ್ನು ಸಾಕುವುದಕ್ಕೆ ಬಿಡುತ್ತಾನೋ, ಹುಲಿಯ ಊಟಕ್ಕೆ ಬಿಡುತ್ತಾನೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕಲ್ಲವೇ? ಇಲ್ಲಿಯೂ ಅಷ್ಟೇ. ಜತೆಗೆ ಬಿಡುವ ಮೀನು ಸಂಗಾತಿಯೋ, ಮೇವೋ? ಇದನ್ನು ಮರಿ ತರುವ ಮುಂಚೆಯೇ ನಿಶ್ಚಯಿಸಿ. ನಿಶ್ಚಯಿಸದೆ ಬಿಟ್ಟರೆ ಚೊಣಕವೇ ನಿಮ್ಮ ಪರವಾಗಿ ನಿಶ್ಚಯಿಸಿಬಿಡುತ್ತದೆ.

ಮೊದಲು ಬಾಯಿಯ ಲೆಕ್ಕ ತಿಳಿಯೋಣ. ಚೊಣಕ ಕಚ್ಚಿ ತಿನ್ನುವ ಮೀನಲ್ಲ, ನುಂಗುವ ಮೀನು. ದೊಡ್ಡ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಮರಿಯಿದ್ದಾಗ ತನ್ನ ಉದ್ದದ ಮೂರರಲ್ಲಿ ಎರಡು ಪಾಲಿನಷ್ಟು ಉದ್ದದ ಇನ್ನೊಂದು ಮರಿಯನ್ನೂ ನುಂಗಬಲ್ಲದು. ಬೆಳೆದ ಮೇಲೆ ತನ್ನ ಅರ್ಧದಷ್ಟು ಉದ್ದದ ಮೀನು ಅದಕ್ಕೆ ಒಂದು ತುತ್ತು. ಅಂದರೆ ಚೊಣಕದ ಮೊದಲನೆಯ ಶತ್ರು ಚೊಣಕವೇ! ಒಂದೇ ದಿನ ತಂದ, ಒಂದೇ ತಾಯಿಯ ಮರಿಗಳಲ್ಲಿ ನಾಲ್ಕಾರು ಮರಿಗಳು ಮುಂದೆ ಹೋಗುತ್ತವೆ. ಹಾಗೆ ಮುಂದೆ ಹೋದವು ಹಿಂದುಳಿದವನ್ನು ತಿಂದು ಇನ್ನೂ ಮುಂದೆ ಹೋಗುತ್ತವೆ. ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮರಿ ಬಿಟ್ಟಿದ್ದೀರಿ. ಅವುಗಳಲ್ಲಿ ಹತ್ತೇ ಹತ್ತು ಕಳ್ಳರು. ದಿನಕ್ಕೆ ಒಂದೊಂದು ಮರಿ ತಿಂದರೆ ತಿಂಗಳಿಗೆ ಮುನ್ನೂರು ಮರಿ ಹೋಯಿತು. ಸತ್ತ ಮೀನು ಒಂದೂ ತೇಲುವುದಿಲ್ಲ, ವಾಸನೆ ಬರುವುದಿಲ್ಲ. ರೈತ ಎಲ್ಲ ಸರಿಯಾಗಿದೆ ಎಂದುಕೊಂಡು ಮೇವು ಹಾಕುತ್ತಲೇ ಇರುತ್ತಾನೆ. ಬಲೆ ಎಳೆದ ದಿನ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಸಾಲದ ಕಂತು ಮಾತ್ರ ಸಾವಿರ ಮರಿಯದ್ದೇ.

ಆದ್ದರಿಂದ ಚೊಣಕಕ್ಕೆ ಅತ್ಯುತ್ತಮ ಸಂಗಾತಿ ಯಾರು ಎಂದು ಕೇಳಿದರೆ, ತನ್ನಷ್ಟೇ ಉದ್ದದ ಇನ್ನೊಂದು ಚೊಣಕ ಎಂದೇ ನಾನು ಹೇಳುವುದು. ಸಣ್ಣ ಮರಿಯನ್ನು ನೇರವಾಗಿ ಕೊಳಕ್ಕೆ ಬಿಡಬೇಡಿ. ಸಣ್ಣ ಕಣ್ಣಿನ ಬಲೆಯಿಂದ ಹೊಲಿದ ಹಾಪಾ ಪೆಟ್ಟಿಗೆಯಲ್ಲಿಟ್ಟು, 8ರಿಂದ 10 ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗೆ ಸಮೀಪ ಬರುವ ತನಕ ಬೆಳೆಸಿ. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ, ದೊಡ್ಡವು, ನಡುವಿನವು, ಚಿಕ್ಕವು ಎಂದು ಮೂರು ಪಾಲು ಮಾಡಿ ಬೇರೆ ಬೇರೆ ಹಾಪಾಗಳಲ್ಲಿಡಿ. ತಳದಲ್ಲಿ ಒಂದೇ ಅಳತೆಯ ತೂತುಗಳಿರುವ ಬುಟ್ಟಿಯನ್ನು ನೀರಿನಲ್ಲಿ ಆಡಿಸಿದರೆ ಚಿಕ್ಕವು ತಾವಾಗಿ ಕೆಳಗೆ ಇಳಿಯುತ್ತವೆ. ಬೆಳಗಿನ ತಂಪಿನಲ್ಲಿ, ಕೈ ಒದ್ದೆ ಮಾಡಿಕೊಂಡು ಈ ಕೆಲಸ ಮಾಡಬೇಕು. ಮೇವನ್ನು ಹೊತ್ತಿಗೆ ಸರಿಯಾಗಿ, ಎಲ್ಲ ಮರಿಗಳಿಗೂ ಸಿಗುವಂತೆ ಹರಡಿ ಹಾಕಬೇಕು. ಹಸಿದ ಚೊಣಕಕ್ಕೆ ತಮ್ಮನೂ ಇಲ್ಲ, ಅಣ್ಣನೂ ಇಲ್ಲ.

ಇನ್ನು ಬೇರೆ ಜಾತಿಯ ಸಂಗಾತಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಅದು ಚೊಣಕದ ಬಾಯಿಗೆ ಹಿಡಿಸುತ್ತದೆಯೇ? ಎರಡು, ಅದು ತಿನ್ನುವ ಮೇವು ಬೇರೆಯೇ? ಮೂರು, ನಮ್ಮ ನೀರು ಅದಕ್ಕೆ ಒಗ್ಗುತ್ತದೆಯೇ? ಮೊದಲನೆಯದಕ್ಕೆ ಇಲ್ಲ ಎಂದೂ, ಉಳಿದೆರಡಕ್ಕೆ ಹೌದು ಎಂದೂ ಉತ್ತರ ಬಂದರೆ ಮಾತ್ರ ಆ ಮೀನನ್ನು ಬಿಡಿ.

ಹೂಮೀನನ್ನು ಈ ಪರೀಕ್ಷೆಗೆ ನಿಲ್ಲಿಸೋಣ. ಅದು ಕೊಳದ ತಳದ ಪಾಚಿ ತಿನ್ನುವ ಸಾಧು ಪ್ರಾಣಿ. ಉಪ್ಪು ನೀರು, ಸಿಹಿ ನೀರು ಎರಡನ್ನೂ ತಾಳುತ್ತದೆ, ಓಟದಲ್ಲಿ ಚುರುಕು. ಅದರ ಮರಿ ಚೊಣಕದ ಮರಿಗಿಂತ ಚೆನ್ನಾಗಿ ದೊಡ್ಡದಿದ್ದಾಗ ಬಿಟ್ಟರೆ ಪಾಸು. ಶೆವಟೆಯೂ ಪಾಚಿ, ಕೆಸರಿನ ಸಾರ ತಿಂದು ಬದುಕುವ ಮೀನೇ. ಆದರೆ ಸಪೂರ ಮೈಯ ಶೆವಟೆ ಮರಿ ಎಂದರೆ ಚೊಣಕಕ್ಕೆ ಪಾಯಸ. ಗೇಣುದ್ದ ಬೆಳೆದದ್ದು ಸಿಕ್ಕಿದರೆ ಬಿಡಿ, ಇಲ್ಲದಿದ್ದರೆ ಬೇಡ.

ಕರಿಮೀನಿನ, ಅಂದರೆ ನಮ್ಮ ಕಾಳುಂದರಿನ ವಿಚಾರ ಸ್ವಲ್ಪ ಸೂಕ್ಷ್ಮ. ಮೈ ಅಗಲ, ಬೆನ್ನಿನ ಮೇಲೆ ಮುಳ್ಳು. ಆದ್ದರಿಂದ ಅದರ ಉದ್ದಕ್ಕೆ ಹೋಲಿಸಿದರೆ ನುಂಗುವುದು ಕಷ್ಟ. ಆದರೆ ಬೆಳವಣಿಗೆ ನಿಧಾನ. ಒಂದು ವರ್ಷದ ಒಳಹೊರಗೆ ಚೊಣಕ ಕಿಲೋ ತೂಗಿದರೆ, ಕರಿಮೀನು ನೂರೈವತ್ತು ಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಇವತ್ತು ಸರಿಜೋಡಿಯಾಗಿ ಕಂಡ ಎರಡು ಮರಿಗಳು ಆರು ತಿಂಗಳಿಗೆ ಸರಿಜೋಡಿಯಾಗಿ ಉಳಿಯುವುದಿಲ್ಲ. ಬಿಡುವ ದಿನದ ಉದ್ದ ನೋಡಿ ಮೋಸಹೋಗಬೇಡಿ, ಹಿಡಿಯುವ ದಿನದ ಉದ್ದವನ್ನೂ ಮನಸ್ಸಿನಲ್ಲೇ ಅಳೆಯಿರಿ. ಇದಕ್ಕೆ ಉಪಾಯ ಎಂದರೆ ನಡುವೆ ಬಲೆ. ಪಂಜರಕ್ಕೆ ಒಳಬಲೆ, ಹೊರಬಲೆ ಎರಡಿದ್ದರೆ ಚೊಣಕವನ್ನು ಒಳಗೆ, ಕರಿಮೀನನ್ನು ಎರಡು ಬಲೆಗಳ ನಡುವೆ ಬಿಡಬಹುದು. ಅದು ಬಲೆಗೆ ಹತ್ತಿದ ಪಾಚಿಯನ್ನು ಮೇಯುತ್ತದೆ. ಬಲೆಯ ಕಣ್ಣು ಕಟ್ಟಿಕೊಳ್ಳುವುದು ಕಡಿಮೆಯಾಗಿ ನೀರು ಸರಾಗವಾಗಿ ಆಡುತ್ತದೆ.

ಗೊಬ್ರೊ, ಕೆಂಬೇರಿ, ಕೋಬಿಯಾ ಇವೂ ಬೆಲೆಯ ಮೀನುಗಳೇ. ಅವೂ ಬೇಟೆಗಾರರು, ಆದ್ದರಿಂದ ಚೊಣಕದ ಜತೆ ಸರಿಹೋಗುತ್ತವೆ ಎಂದು ಕೆಲವರು ಭಾವಿಸುತ್ತಾರೆ. ಆದರೆ ನೀರಿನ ಪ್ರಶ್ನೆ ಇದೆಯಲ್ಲ! ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನ ಬಾಗಿಲು ತೆರೆದರೆ ಕಾಳಿಯ ಅಳಿವೆ ಕೆಂಪು ಸಿಹಿನೀರಾಗಿಬಿಡುತ್ತದೆ. ಗಂಗಾವಳಿಯ ನೆರೆಯೂ ಹಾಗೆಯೇ. ಚೊಣಕ ಅದನ್ನು ತಾಳಿಕೊಳ್ಳುತ್ತದೆ, ಏಕೆಂದರೆ ನದಿಯಲ್ಲಿ ಬೆಳೆದು, ಮೊಟ್ಟೆಯಿಡಲು ಸಮುದ್ರದ ಕಡೆ ಇಳಿಯುವುದು ಅದರ ಹುಟ್ಟುಗುಣ. ಗೊಬ್ರೊ ಮತ್ತು ಕೋಬಿಯಾಗೆ ಆ ಶಕ್ತಿ ಇಲ್ಲ. ಕೆಂಬೇರಿ ಅಳಿವೆಯ ನೀರಿಗೆ ಒಗ್ಗುತ್ತದೆ, ಆದರೆ ಚೊಣಕದಷ್ಟು ಬೇಗ ಬೆಳೆಯುವುದಿಲ್ಲ. ಅದಕ್ಕೆ ಬೇರೆ ಪಂಜರವೇ ಲೇಸು.

ಸಿಗಡಿ ಮತ್ತು ಏಡಿಯ ಮಾತು ಬೇಗ ಮುಗಿಸುತ್ತೇನೆ. ಸಿಗಡಿ ಚೊಣಕದ ಬಲು ಇಷ್ಟದ ಊಟ, ಜತೆಗೆ ಬಿಡಲೇಬೇಡಿ. ಏಡಿ ಪೊರೆ ಕಳಚಿ ಮೆತ್ತಗಾದಾಗ ತಾನು ತುತ್ತಾಗುತ್ತದೆ, ಗಟ್ಟಿಯಾದಾಗ ನಿಮ್ಮ ಬಲೆಯನ್ನು ಕತ್ತರಿಸುತ್ತದೆ. ಎರಡೂ ರೀತಿಯಲ್ಲಿ ನಷ್ಟವೇ.

ಈಗ ಮೇವಾಗಿ ಬಿಡುವ ಮೀನಿನ ಕಡೆ ಬರೋಣ. ಥಾಯ್ಲೆಂಡಿನ ರೈತರು ಕೊಳದಲ್ಲಿ ಮೊದಲು ತಿಲಾಪಿಯಾ ಜೋಡಿಗಳನ್ನು ಬಿಟ್ಟು, ಒಂದೆರಡು ತಿಂಗಳಲ್ಲಿ ಅವು ಮರಿ ಹಾಕಿದ ಮೇಲೆ ಚೊಣಕ ಬಿಡುವ ಪದ್ಧತಿ ಇಟ್ಟುಕೊಂಡರು. ತಾಯಿ ತಂದೆ ಉಳಿಯುತ್ತವೆ, ಮರಿಗಳು ಮೇವಾಗುತ್ತವೆ. ಮೇವು ಕೊಳದಲ್ಲೇ ಹುಟ್ಟಬೇಕಾದ್ದರಿಂದ ಅಲ್ಲಿ ಚೊಣಕ ವಿರಳವಾಗಿರಬೇಕು: ಎಕರೆಗೆ 1,200ರಿಂದ 2,000. ಹೊರಗಿನಿಂದ ಮೇವು ಹಾಕಿ ಬರೀ ಚೊಣಕ ಬೆಳೆಸುವ ಕೊಳಕ್ಕೆ ಅವರ ಲೆಕ್ಕ ಎಕರೆಗೆ 4,000ದಿಂದ 8,000. ಈ ಉಪಾಯವನ್ನು ಕೇಳಿ ನೀವು ನಾಳೆಯೇ ತಿಲಾಪಿಯಾ ತರಲು ಹೊರಡಬೇಡಿ. ಅದು ನಮ್ಮ ನಾಡಿನ ಮೀನಲ್ಲ, 1952ರಲ್ಲಿ ಭಾರತಕ್ಕೆ ಬಂದದ್ದು. ತಪ್ಪಿಸಿಕೊಂಡು ಹೋದ ಕಡೆಯಲ್ಲೆಲ್ಲ ಹುಲುಸಾಗಿ ಹೆಚ್ಚಿ ನಾಡಮೀನುಗಳ ಜಾಗ ಕಸಿದಿದೆ. ಇದನ್ನು ಸಾಕಲು ಸರಕಾರದ ಅನುಮತಿ ಬೇಕು. ನಿಮ್ಮ ಗಜನಿಗೆ ಅದು ಈಗಾಗಲೇ ನುಗ್ಗಿದ್ದರೆ ಚೊಣಕ ತಿನ್ನಲಿ, ಸಂತೋಷ. ಹೊಸದಾಗಿ ತಂದು ಬಿಡಬೇಡಿ.

ಗಜನಿಯವರಿಗೆ ಇನ್ನೊಂದು ಮಾತು. ನೀವು ಕೊಡದ ಸಂಗಾತಿಯೂ ಕೊಳಕ್ಕೆ ಬರುತ್ತಾನೆ. ಭರತದ ನೀರಿನೊಡನೆ ಜಂತ್ರಡಿಯ ಬಾಗಿಲಿನಲ್ಲಿ ಕಾಡು ಚೊಣಕ ಒಳಸೇರಿ, ಕಾಲುವೆಯ ಗುಂಡಿಯಲ್ಲಿ ಅಡಗಿ ಕೂರುತ್ತದೆ. ಹಿಂದಿನ ವರ್ಷ ಉಳಿದ ಮೊಳದುದ್ದದ ಒಂದೇ ಚೊಣಕ ಸಾಕು, ನಿಮ್ಮ ಹೊಸ ಮರಿಗಳ ಲೆಕ್ಕವೆಲ್ಲ ತಲೆಕೆಳಗು. ಮರಿ ಬಿಡುವ ಮುಂಚೆ ಕೊಳ ಬರಿದು ಮಾಡಿ, ಮಣ್ಣು ಬಿರಿಯುವ ತನಕ ಒಣಗಿಸಿ. ಪೂರ್ತಿ ಒಣಗದ ಗುಂಡಿ ಉಳಿದರೆ ಹಿಪ್ಪೆ ಹಿಂಡಿ ಹಾಕಿ ಹಳೆಯ ಮೀನನ್ನು ತೆಗೆಯಬಹುದು. ಪ್ರಮಾಣವನ್ನೂ, ಆಮೇಲೆ ಎಷ್ಟು ದಿನ ಬಿಟ್ಟು ಮರಿ ಬಿಡಬೇಕೆಂಬುದನ್ನೂ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ತಿಳಿಯಿರಿ. ಬಾಗಿಲಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಪ್ರತಿ ಭರತಕ್ಕೂ ಹರಿದಿದೆಯೇ ಎಂದು ನೋಡಿ.

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟವರೂ ಈ ಮಾತು ಕೇಳಬಹುದು. ಆಸ್ಕರ್, ಅರೋವಾನದಂಥ ದೊಡ್ಡ ಮೀನಿನ ಜತೆ ಮಕ್ಕಳ ಆಸೆಗೆಂದು ಸಣ್ಣ ಬಣ್ಣದ ಮೀನು ಬಿಟ್ಟರೆ ಬೆಳಗಾಗುವಷ್ಟರಲ್ಲಿ ತೊಟ್ಟಿ ಖಾಲಿ. ಅಲ್ಲಿಯೂ ಬಾಯಿ, ಮೇವು, ನೀರು, ಇದೇ ಮೂರು ಪ್ರಶ್ನೆ. ಮೀನು ತೊಟ್ಟಿಗೆ ಹಿಡಿಸದಷ್ಟು ಬೆಳೆಯಿತೆಂದು ಹೊಳೆಗೆ ಮಾತ್ರ ಬಿಡಬೇಡಿ. ಆಫ್ರಿಕದ ವಿಕ್ಟೋರಿಯ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಎಂಬ ಮೀನನ್ನು ಬಿಟ್ಟರು. ಅದು ನಮ್ಮ ಚೊಣಕದ ದಾಯಾದಿಯೇ. ಅಲ್ಲಿನ ನಾಡಮೀನುಗಳಲ್ಲಿ ಇನ್ನೂರರ ಸುಮಾರು ಜಾತಿಗಳು ಕಣ್ಮರೆಯಾದವೆಂದು ಅಂದಾಜು. ಆ ಹಾನಿಗೆ ದೊಡ್ಡ ಕಾರಣ ಈ ಮೀನು. ಕೊಳದಲ್ಲಿ ತಪ್ಪಿದರೆ ಒಂದು ವರ್ಷದ ನಷ್ಟ, ಹೊಳೆಯಲ್ಲಿ ತಪ್ಪಿದರೆ ಮೊಮ್ಮಕ್ಕಳ ಕಾಲಕ್ಕೂ ತುಂಬದ ನಷ್ಟ.

ಕಡೆಗೆ ನೆನಪಿಡಬೇಕಾದ ಮಾತುಗಳು. ಸಂಗಾತಿಯೋ, ಮೇವೋ, ಮೊದಲೇ ತೀರ್ಮಾನಿಸಿ. ಚೊಣಕವನ್ನು ಸಮ ಅಳತೆಯಲ್ಲಿಡಿ, ವಾರಕ್ಕೊಮ್ಮೆ ವಿಂಗಡಿಸಿ. ಜತೆಗೆ ಬಿಡುವುದಾದರೆ ದೊಡ್ಡ ಹೂಮೀನು. ಕರಿಮೀನಾದರೆ ನಡುವೆ ಬಲೆ. ಸಿಗಡಿ, ಏಡಿ ಬೇಡ. ಮರಿಗೆ ಮುಂಗಡ ಕೊಡುವ ಮುಂಚೆ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಬಿಡುವ ದಿನ ಯಾವ ಮೀನು ಎಷ್ಟುದ್ದ, ಹಿಡಿಯುವ ದಿನ ಎಷ್ಟುದ್ದ. ಆ ಹಾಳೆಯಲ್ಲಿ ಒಂದರ ಉದ್ದ ಇನ್ನೊಂದರ ಅರ್ಧಕ್ಕೆ ಇಳಿಯಿತೆಂದರೆ, ನಡುವೆ ಒಂದು ಬಲೆ ಬೇಕೆಂದೇ ಅರ್ಥ.

ನಿಮ್ಮ ಕೊಳ, ಪಂಜರ ತುಂಬಿರಲಿ.