ಮೇಲಿನ ದೇವನೂ ಆಳದ ದೇವನೂ



ಮತವೊಂದು ಬಹುಕಾಲ ಬಾಳಿದ ಮೇಲೆ ಅದರ ಮುಂದೆ ಒಂದು ಕಠಿನ ಪ್ರಶ್ನೆ ಬಂದೇ ಬರುವುದು. ಹಿರಿಯರು ತಮ್ಮ ಕಾಲದ ಮಾತಿನಲ್ಲಿ ಹೇಳಿದುದನ್ನು ಕಿರಿಯರು ತಮ್ಮ ಕಾಲದ ಬುದ್ಧಿಗೆ ಒಪ್ಪುವಂತೆ ತಿಳಿಯುವುದು ಹೇಗೆ? ಮಾತನ್ನು ಬದಲಿಸಿದರೆ ತತ್ತ್ವವೇ ಹೋದೀತೆಂಬ ಭಯ ಒಂದು ಕಡೆ. ಬದಲಿಸದಿದ್ದರೆ ಕೇಳುವವರೇ ಹೋದಾರೆಂಬ ಭಯ ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿ ಇಪ್ಪತ್ತನೆಯ ಶತಮಾನದ ಕ್ರೈಸ್ತರು ನಡೆಸಿದ ವಿಚಾರವು ಯಾವ ಮತದ ಭಕ್ತರಿಗಾದರೂ ಮನನಯೋಗ್ಯವಾಗಿದೆ.

ಕ್ರಿ. ಶ. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಕೂಡಿದ ಧರ್ಮಸಭೆಯು ಯೇಸುವು ತಂದೆಯಾದ ದೇವರೊಡನೆ ಏಕಸತ್ತ್ವನೆಂದು ಸಾರಿತು. 451ರಲ್ಲಿ ಕಾಲ್ಸಿಡನ್ ಸಭೆಯು ಆತನು ಪೂರ್ಣ ದೇವನೂ ಪೂರ್ಣ ಮಾನವನೂ ಹೌದೆಂದು ನಿಶ್ಚಯಿಸಿತು. ಅಂದಿನ ಜನಕ್ಕೆ ಸ್ವರ್ಗವು ತಲೆಯ ಮೇಲೆ, ನರಕವು ಕಾಲ ಕೆಳಗೆ. ದೇವಪುತ್ರನು ಮೇಲಿನಿಂದ ಇಳಿದುಬಂದು ಮತ್ತೆ ಏರಿಹೋದನೆಂಬುದು ಅವರಿಗೆ ಸಹಜವಾದ ಮಾತು. 1543ರಲ್ಲಿ ಕೊಪರ್ನಿಕಸನ ಗ್ರಂಥವು ಹೊರಬಂದು, ಮುಂದೆ ಖಗೋಲವಿದ್ಯೆಯು ಬೆಳೆದಂತೆಲ್ಲ, ಆ 'ಮೇಲು' ಎಂಬುದೇ ಸಂದೇಹಾಸ್ಪದವಾಯಿತು.

1941ರಲ್ಲಿ ಜರ್ಮನಿಯ ಪಂಡಿತ ರುಡಾಲ್ಫ್ ಬುಲ್ಟ್‌ಮನ್ನನು, ಸುವಾರ್ತೆಯನ್ನು ಅದರ ಪುರಾಣರೂಪದಿಂದ ಬಿಡಿಸಿ ಅರ್ಥಮಾಡಬೇಕೆಂದು ವಾದಿಸಿದನು. 1933ರಲ್ಲಿ ನಾಜಿಗಳಿಂದ ಅಧ್ಯಾಪಕಪದವಿಯನ್ನು ಕಳೆದುಕೊಂಡು ಅಮೇರಿಕಕ್ಕೆ ತೆರಳಿದ ಪಾಲ್ ಟಿಲಿಕ್ಕನು, ದೇವರನ್ನು ಎತ್ತರದಲ್ಲಿ ಹುಡುಕದೆ ಆಳದಲ್ಲಿ ಅರಸಬೇಕೆಂದನು. ದೇವರು ಇರುವ ವಸ್ತುಗಳಲ್ಲಿ ಇನ್ನೊಂದಲ್ಲ, ಇರವಿಗೇ ಆಧಾರವೆಂದು ಬೋಧಿಸಿದನು. ಡೀಟ್ರಿಕ್ ಬಾನ್‌ಹಾಫರನು 1944ರಲ್ಲಿ ಸೆರೆಮನೆಯಿಂದ ಗೆಳೆಯನಿಗೆ ಬರೆದ ಓಲೆಗಳಲ್ಲಿ, ಯೇಸುವು ಪರರಿಗಾಗಿಯೇ ಬಾಳಿದ ಮಾನವನೆಂದೂ, ಆ ಬಾಳಿನಲ್ಲಿಯೇ ದೇವರು ಗೋಚರನೆಂದೂ ತಿಳಿಸಿದನು. ಹಿಟ್ಲರನನ್ನು ಎದುರಿಸಿದುದಕ್ಕಾಗಿ 1945ನೆಯ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ 39 ವರ್ಷ.

ಈ ಮೂವರ ವಿಚಾರಗಳನ್ನು ಸಾಮಾನ್ಯ ಜನರ ಮುಂದಿಟ್ಟವನು ಇಂಗ್ಲೆಂಡಿನ ವುಲಿಚ್ ಎಂಬಲ್ಲಿಯ ಬಿಷಪ್ ಜಾನ್ ರಾಬಿನ್ಸನ್. 1963ರಲ್ಲಿ ಪ್ರಕಟವಾದ ಅವನ 'ಆನೆಸ್ಟ್ ಟು ಗಾಡ್' ಎಂಬ ಚಿಕ್ಕ ಪುಸ್ತಕವು ದೊಡ್ಡ ಕೋಲಾಹಲವನ್ನೆಬ್ಬಿಸಿತು. ಬಿಷಪ್ಪನೇ ನಾಸ್ತಿಕನಾದನೆಂದು ಕೆಲವರು ನಿಂದಿಸಿದರು. ಚರ್ಚಿನಿಂದ ದೂರ ಸರಿದಿದ್ದ ಅನೇಕರು, ತಮ್ಮ ಮನಸ್ಸಿನ ಮಾತನ್ನು ಒಬ್ಬರಾದರೂ ಆಡಿದರೆಂದು ಅವನಿಗೆ ಪತ್ರಗಳನ್ನು ಬರೆದರು.

ನಿಂದಕರ ಆಕ್ಷೇಪವು ಹುರುಳಿಲ್ಲದ್ದಲ್ಲ. ತಂದೆಯೇ ಎಂದು ಕರೆದರೆ ಓಗೊಡುವ ದೇವರು ಬೇಕು. ಇರವಿನ ಆಧಾರವೆಂಬ ತತ್ತ್ವದ ಮುಂದೆ ಮಗುವನ್ನು ಕಳೆದುಕೊಂಡ ತಾಯಿ ಮೊರೆಯಿಡುವುದೆಂತು? ಇದಕ್ಕೆ ರಾಬಿನ್ಸನ್ನನು ಕೊಟ್ಟ ಸಮಾಧಾನವಿದು: ದೇವರನ್ನು ಆಧಾರವೆಂದ ಮಾತ್ರಕ್ಕೆ ಅವನು ಜಡನಾಗುವುದಿಲ್ಲ. ಆ ಆಧಾರವು ಪ್ರೇಮಸ್ವರೂಪವಾದುದು. ಯೇಸುವು ತನ್ನನ್ನು ಪೂರ್ಣವಾಗಿ ಬರಿದುಮಾಡಿಕೊಂಡುದರಿಂದ ಆ ಪ್ರೇಮವು ಅವನಲ್ಲಿ ತಡೆಯಿಲ್ಲದೆ ತೋರಿತು. ಅವನ ದೈವತ್ವವೆಂದರೆ ಇದೇ. ಪ್ರಾರ್ಥನೆಯೂ ಲೋಕದಿಂದ ಓಡುವುದಲ್ಲ, ಎದುರಿನ ಮನುಷ್ಯನಿಗೆ ದೇವರ ಸಲುವಾಗಿ ಹೃದಯವನ್ನು ತೆರೆಯುವುದು.

ಈ ಉತ್ತರವು ಎಲ್ಲರನ್ನೂ ತೃಪ್ತಿಪಡಿಸಲಿಲ್ಲ. ಆದರೆ ಅದರ ಪರೀಕ್ಷೆಯು ರಾಬಿನ್ಸನ್ನನ ದೇಹದಲ್ಲಿಯೇ ನಡೆಯಿತು. 1983ರಲ್ಲಿ ಅವನಿಗೆ ಅರ್ಬುದರೋಗವಿರುವುದಾಗಿಯೂ ಆಯುಷ್ಯವು ಕೆಲವೇ ತಿಂಗಳೆಂದೂ ವೈದ್ಯರು ತಿಳಿಸಿದರು. ಕೇಂಬ್ರಿಜ್ಜಿನಲ್ಲಿ ಉಪದೇಶ ಮಾಡುತ್ತ ಅವನು, ಸೂರ್ಯಾಸ್ತದ ಚೆಲುವಿನಲ್ಲಿರುವಂತೆಯೇ ಈ ರೋಗದಲ್ಲಿಯೂ ದೇವರನ್ನು ಕಾಣಬೇಕೆಂದು ಹೇಳಿದನು. ರೋಗವನ್ನು ದೇವರು ಕಳುಹಿದನೆಂದು ಅವನು ನಂಬಲಿಲ್ಲ. ದೇವರಿಲ್ಲದ ಎಡೆಯೊಂದುಂಟೆಂದೂ ನಂಬಲಿಲ್ಲ. ಅದೇ ವರ್ಷದ ಡಿಸೆಂಬರದಲ್ಲಿ ಅವನು ತೀರಿಕೊಂಡನು.

ಸದ್ಭಕ್ತರೇ, ಹಳೆಯ ಮಾತನ್ನು ಕಾಯ್ದವರೂ ಹೊಸ ಮಾತನ್ನು ಅರಸಿದವರೂ ಒಂದೇ ಸತ್ಯದ ಸಲುವಾಗಿಯೇ ಹೋರಾಡಿದರೆಂಬುದನ್ನು ಮರೆಯಲಾಗದು. ಯಾವ ದೇವರ ಕಲ್ಪನೆಯು ಭಕ್ತನನ್ನು ನೆರೆಯವನ ಕಷ್ಟಕ್ಕೆ ಹತ್ತಿರ ಕರೆತಂದು, ಮರಣಕಾಲದಲ್ಲಿಯೂ ಕೈಬಿಡದೆ ನಿಲ್ಲುವುದೋ ಅದನ್ನು ಸುಳ್ಳೆನ್ನಲು ಯಾರೂ ಆತುರಪಡಬೇಕಾಗಿಲ್ಲ.