ಗಣಿತದ ತರಗತಿಯಲ್ಲಿ ಹುಡುಗರು ಮತ್ತು ಹುಡುಗಿಯರು
(ಶಿಕ್ಷಕರ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಕಡೆಯ ಪ್ರೌಢಶಾಲೆಗೆ ಹೋಗಿ ಎಂಟನೇ ತರಗತಿಯ ಗಣಿತದ ಪಿರಿಯಡ್‌ನಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡಿ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಮೇಷ್ಟ್ರು ಪ್ರಶ್ನೆ ಮುಗಿಸುವುದರೊಳಗೆ ಹುಡುಗರ ಕಡೆಯಿಂದ ನಾಲ್ಕು ಉತ್ತರ ಬರುತ್ತವೆ. ಅದರಲ್ಲಿ ಮೂರು ತಪ್ಪಿರಬಹುದು, ಆದರೂ ಪಾಠ ಆ ಕಡೆಗೇ ತಿರುಗುತ್ತದೆ. ಹುಡುಗಿಯ ನೋಟ್‌ಬುಕ್‌ನಲ್ಲಿ ಸರಿಯುತ್ತರ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಸ್ಟಾಫ್ ರೂಮಿನಲ್ಲಿ ನಾವು ಆಡುವ ಮಾತೂ ಹಾಗೆಯೇ. "ಹುಡುಗ ಬುದ್ಧಿವಂತ, ಓದಲ್ಲ ಅಷ್ಟೆ. ಹುಡುಗಿ ಪಾಪ, ಕಷ್ಟಪಟ್ಟು ಓದ್ತಾಳೆ." ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ರಾಜ್ಯದ ಹುಡುಗಿಯರೇ ಮುಂದೆ ಇದ್ದರೂ ಈ ಮಾತು ಬದಲಾಗಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಗಣಿತ ತಜ್ಞರ ಸಮಿತಿಯೂ, ಗಣಿತ ಗಂಡಸರ ವಿಷಯ ಎಂಬ ಭಾವನೆ ಬೇರೂರಿದೆ, ಪಠ್ಯಪುಸ್ತಕಗಳಲ್ಲಿ ಮಹಿಳಾ ಗಣಿತಜ್ಞರ ಪ್ರಸ್ತಾಪವೇ ಇಲ್ಲ ಎಂದು ಹೇಳಿತ್ತು.

ಹೇಳಲು ಹೆಸರುಗಳಿಲ್ಲವೇ? 1150ರಲ್ಲಿ ಭಾಸ್ಕರಾಚಾರ್ಯರು ಬರೆದ 'ಲೀಲಾವತಿ'ಯಲ್ಲಿ ಎಷ್ಟೋ ಲೆಕ್ಕಗಳನ್ನು ಒಬ್ಬ ಹೆಣ್ಣುಮಗಳಿಗೇ ಕೇಳಲಾಗಿದೆ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಅದನ್ನು ಫಾರಸಿಗೆ ತಂದ. ಇನ್ನು ಇರಾನಿನ ಮರಿಯಂ ಮಿರ್ಜಾಖಾನಿ. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಅವರ ಶಿಕ್ಷಕರಿಗೆ ಈ ಹುಡುಗಿಯಲ್ಲಿ ವಿಶೇಷ ಪ್ರತಿಭೆ ಕಾಣಲಿಲ್ಲ, ಆಕೆಗೂ ಆಸಕ್ತಿ ಹೋಯಿತು. ಮರುವರ್ಷ ಪ್ರೋತ್ಸಾಹ ಕೊಡುವ ಬೇರೆ ಶಿಕ್ಷಕರು ಸಿಕ್ಕರು. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಅವರೇ.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ಉರ್ದು, ಕನ್ನಡ ಎರಡನ್ನೂ ಕಲಿಸುವುದರಿಂದ ನನ್ನ ಕಣ್ಣಿಗೆ ಬಿದ್ದದ್ದು ಇದು. ಏಳನೇ ತರಗತಿಯವರೆಗೆ ಉರ್ದುವಿನಲ್ಲಿ ಓದಿದ ಎಷ್ಟೋ ಮಕ್ಕಳು ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಜಮಾ, ತಫ್ರೀಕ್, ಜರ್ಬ್, ತಕ್ಸೀಮ್ ಎಂದಿದ್ದವರಿಗೆ ಒಮ್ಮೆಲೇ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ. ಕಸ್ರ್ ಎಂದರೆ ಗೊತ್ತು, ಭಿನ್ನರಾಶಿ ಎಂದರೆ ಗೊತ್ತಿಲ್ಲ. ಹುಡುಗ ಅಂಗಡಿಗೆ, ಚಿಂತಾಮಣಿಯ ಟೊಮೆಟೊ ಮಂಡಿಗೆ ಹೋಗಿ ಬಂದು ಕನ್ನಡ ರೂಢಿಸಿಕೊಂಡಿರುತ್ತಾನೆ, ತಪ್ಪೋ ಸರಿಯೋ ಧೈರ್ಯವಾಗಿ ಮಾತಾಡುತ್ತಾನೆ. ಹುಡುಗಿಗೆ ಮನೆ ಮತ್ತು ಶಾಲೆ ಎರಡೇ. ಪದ ತಡವರಿಸಿದರೆ ಆ ಕಡೆಯ ಸಾಲಿನಲ್ಲಿ ನಗು. ಒಂದು ಸಲ ನಕ್ಕರೆ ಸಾಕು, ಆ ವರ್ಷವಿಡೀ ಅವಳು ಎದ್ದು ನಿಲ್ಲುವುದಿಲ್ಲ. ನಾವು ಅವಳಿಗೆ ಗಣಿತ ಬರುವುದಿಲ್ಲ ಎಂದು ಬರೆದುಬಿಡುತ್ತೇವೆ!

ಅದೇ ಹುಡುಗಿಯನ್ನು ಶಿಡ್ಲಘಟ್ಟದ ರೀಲರ್ ಮನೆಯಲ್ಲಿ ನೋಡಬೇಕು. 40 ಕಿಲೋ ಗೂಡಿಗೆ 5 ಕಿಲೋ ನೂಲು ಬಂದರೆ ರೆಂಡಿಟ್ಟ 8. ಗೂಡಿನ ರೇಟು ಇಷ್ಟಾದರೆ ಒಂದು ಕಿಲೋ ನೂಲಿಗೆ ಗೂಡಿನ ಖರ್ಚೇ ಎಷ್ಟು ಬಿತ್ತು ಎಂದು ಅಬ್ಬಾಜಾನ್ ಕೇಳಿದರೆ ಬಾಯಲ್ಲೇ ಹೇಳುತ್ತಾಳೆ. ಇದು ಅನುಪಾತದ ಪಾಠವಲ್ಲದೆ ಮತ್ತೇನು?

ಶಿಕ್ಷಕ ಮಿತ್ರರೇ, ಪ್ರಶ್ನೆ ಕೇಳಿದ ಮೇಲೆ ಎಲ್ಲರೂ ಮೊದಲು ನೋಟ್‌ಬುಕ್‌ನಲ್ಲಿ ಬರೆಯಲಿ, ಆಮೇಲೆ ಹೆಸರು ಕೂಗಿ. ಕೂಗಿ ಹೇಳಿದ ಉತ್ತರವನ್ನು ತೆಗೆದುಕೊಳ್ಳಬೇಡಿ. ಸೀಮೆಸುಣ್ಣ ಎರಡೂ ಸಾಲಿಗೆ ಸರದಿಯಂತೆ ಹೋಗಲಿ. ನಗುವವರನ್ನು ಅಲ್ಲೇ ತಡೆಯಿರಿ. ಹುಡುಗಿ "ಜರ್ಬ್" ಎಂದರೆ ಅದನ್ನೂ ಒಪ್ಪಿಕೊಂಡು ಪಕ್ಕದಲ್ಲಿ "ಗುಣಾಕಾರ" ಎಂದು ಬರೆಯಿರಿ.

ಪೋಷಕರೇ, "ಹೆಣ್ಣುಮಕ್ಕಳಿಗೆ ಗಣಿತ ಯಾಕೆ, ಪಾಸಾದರೆ ಸಾಕು" ಎಂಬ ಮಾತು ಮನೆಯಲ್ಲಿ ಆಕೆಯ ತಮ್ಮನ ಕಿವಿಗೂ ಬೀಳುತ್ತದೆ. ಅವನು ಅದನ್ನೇ ತರಗತಿಗೆ ತರುತ್ತಾನೆ.

ಸಂಘದವರಲ್ಲಿ ಒಂದು ಕೋರಿಕೆ. ಎಂಟನೇ ತರಗತಿಯ ಗಣಿತ ಪದಗಳ ಉರ್ದು-ಕನ್ನಡ ಪಟ್ಟಿಯನ್ನು ನಾನು ಬರೆದು ಕೊಡುತ್ತೇನೆ, ಎರಡು ಪುಟ ಆಗಬಹುದು. ಜೆರಾಕ್ಸ್ ಮಾಡಿಸಿ ಶಾಲೆ ತೆರೆಯುವ ಮೊದಲು ನಾಲ್ಕೂ ತಾಲ್ಲೂಕಿಗೆ ತಲುಪಿಸುವ ಏರ್ಪಾಡು ತಾವು ಮಾಡಬೇಕು.