ದೋಣಿಯೊಳಗೊಂದು ಮಡಚುವ ಸೈಕಲ್



ದೋಣಿಯಲ್ಲಿ ಸೈಕಲ್ಲಿಗೇನು ಕೆಲಸ ಎಂದು ನಿಮಗೆ ನಗು ಬಂದೀತು. ಇಂಗ್ಲೆಂಡಿನ ಕಾಲುವೆಗಳಲ್ಲಿ ಉದ್ದನೆಯ, ಕಿರಿದಾದ ದೋಣಿಗಳನ್ನೇ ಮನೆ ಮಾಡಿಕೊಂಡವರು ಮಾತ್ರ ನಗುವುದಿಲ್ಲ. ಅಲ್ಲಿ ದೋಣಿಯ ವೇಗಮಿತಿ ಗಂಟೆಗೆ ಸುಮಾರು 6.4 ಕಿಲೋಮೀಟರ್. ಹಾಲು, ಬ್ರೆಡ್ಡು ತರಲು ಸೈಕಲ್ಲೇ ವಾಸಿ.

ಇನ್ನೂ ದೊಡ್ಡ ಕೆಲಸವೊಂದಿದೆ. ಕಾಲುವೆ ಗುಡ್ಡ ಹತ್ತುವ ಕಡೆ ಎರಡು ತುದಿಗೂ ಬಾಗಿಲುಳ್ಳ ತೊಟ್ಟಿಗಳಿರುತ್ತವೆ, ಅವೇ ಲಾಕ್‌ಗಳು. ಕೆಳಗಿನ ಬಾಗಿಲಿನಿಂದ ದೋಣಿ ಒಳಬಂದ ಮೇಲೆ ಬಾಗಿಲು ಮುಚ್ಚಿ ಮೇಲಿನಿಂದ ನೀರು ಬಿಡುತ್ತಾರೆ. ನೀರಿನೊಡನೆ ದೋಣಿಯೂ ಏರುತ್ತದೆ. ಆದರೆ ಮುಂದಿನ ತೊಟ್ಟಿ ಆಗಲೇ ತುಂಬಿದ್ದರೆ? ಅದು ಖಾಲಿಯಾಗುವವರೆಗೆ ಕಾಯಬೇಕು. ಅದಕ್ಕೆಂದೇ ಒಬ್ಬರು ಸೈಕಲ್ಲಿನಲ್ಲಿ ಮುಂದೆ ಹೋಗಿ ತೊಟ್ಟಿಯನ್ನು ಸಿದ್ಧಮಾಡಿಡುತ್ತಾರೆ. ಎದುರಿನಿಂದ ಇನ್ನೊಂದು ದೋಣಿ ಬರುತ್ತಿದ್ದರೆ ತುಂಬಿದ ತೊಟ್ಟಿ ಅವರಿಗೆ ಸಲ್ಲಬೇಕು. ಅದನ್ನು ಖಾಲಿಮಾಡುವುದು ಸಭ್ಯತೆಯಲ್ಲ! ಡಿವೈಝಸ್ ಪಟ್ಟಣದ ಬಳಿ ಇಂಥ 29 ಲಾಕ್‌ಗಳಿವೆ. ಅವುಗಳಲ್ಲಿ 16 ಒಂದೇ ಸಾಲಿನಲ್ಲಿ ಮೆಟ್ಟಿಲಿನಂತೆ ಏರುತ್ತವೆ. ಸೈಕಲ್ ಓಡುವ ದಂಡೆಯ ದಾರಿಯಾದರೋ, ಹಿಂದೆ ದೋಣಿ ಎಳೆಯುತ್ತಿದ್ದ ಕುದುರೆಗಳಿಗೆಂದು ಮಾಡಿದ್ದು.

ಮಡಚುವ ಸೈಕಲ್ಲೇ ಏಕೆ? ದೋಣಿಯ ಅಗಲ ಎರಡು ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಚಾವಣಿಯ ಮೇಲಿಟ್ಟರೆ ತಗ್ಗು ಸೇತುವೆಗೆ ತಗುಲೀತು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ರೂಪಿಸಿದ ಬ್ರಾಂಪ್ಟನ್ ಸೈಕಲ್ ಮಡಚಿದಾಗ ಒಂದು ಸೂಟ್‌ಕೇಸಿನಷ್ಟಾಗುತ್ತದೆ. ಎಣ್ಣೆ ಹಚ್ಚಿದ ಚೈನು ಎರಡು ಗಾಲಿಗಳ ನಡುವೆ ಅಡಗುವುದರಿಂದ ಬಟ್ಟೆಬರೆಗೆ ಮಸಿಯೂ ತಾಗದು.

ಕಾಲುವೆಯ ನೀರು ಸಿಹಿ. ಆದರೆ ಹಾಯಿದೋಣಿಯಲ್ಲಿ ಸೈಕಲ್ಲನ್ನು ಸಮುದ್ರಕ್ಕೆ ಒಯ್ದರೆ ಕಥೆಯೇ ಬೇರೆ. ಅನೇಕ ಮಡಚುವ ಸೈಕಲ್ಲುಗಳ ಚೌಕಟ್ಟು ಅಲ್ಯೂಮಿನಿಯಂ, ಬೋಲ್ಟುಗಳು ಉಕ್ಕು. ಎರಡು ಲೋಹ, ನಡುವೆ ಉಪ್ಪುನೀರು: ನಿಮ್ಮ ಪ್ರಯೋಗಾಲಯದ ವಿದ್ಯುತ್ಕೋಶ ಇದೇ ತಾನೆ? ಇಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರಿಂದಾಗುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹೀಗಾಗಿ ಉಕ್ಕಿನ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಸೀಟುಕಂಬವಿದ್ದರೆ ಅದು ಒಳಗೇ ಬಿಗಿದುಕೊಳ್ಳುತ್ತದೆ. ಮಡಚಲಾಗದ ಮಡಚುವ ಸೈಕಲ್ಲನ್ನು ದೋಣಿಯಲ್ಲಿ ಎಲ್ಲಿಡುವುದು?

ಅದಕ್ಕೇ ಸೀಟುಕಂಬವನ್ನು ಆಗಾಗ ಹೊರತೆಗೆದು ಗ್ರೀಸ್ ಹಚ್ಚಬೇಕು. ಒದ್ದೆ ಸೈಕಲ್ಲನ್ನು ಚೀಲದಲ್ಲಿ ಕಟ್ಟಿಡುವುದು ಎಚ್ಚರಿಕೆಯಂತೆ ಕಂಡರೂ ಅದು ಉಪ್ಪನ್ನೂ ತೇವವನ್ನೂ ಒಳಗೇ ಕೂಡಿಹಾಕಿದಂತೆ. ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ದಡ ದೂರವಿದ್ದಾಗ ದೋಣಿಯಲ್ಲಿರುವ ಸಿಹಿನೀರು ಕುಡಿಯುವ ನೀರೇ. ಆಗ ಬಟ್ಟೆಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ ಹಿಂಡಿ, ಕೀಲುಗಳನ್ನಷ್ಟೇ ಒರೆಸುವುದು ಒಳ್ಳೆಯದು.